ಹೀಗೇ ಮುಂದುವರಿಯಲಿ

ಹೊಗಳುವ ವಿಷಯದಲ್ಲಿ ನಾನು ಬಹಳ ಉದಾರಿ. ಉದಾರಿ ಎನ್ನುವುದಕ್ಕಿಂತ ಸೋಮಾರಿ ಎಂದರೆ ಸರಿಹೋದೀತು. ಯಾವುದರಲ್ಲೇ ಆಗಲಿ ತಪ್ಪು ಹುಡುಕಿ ಹೇಳಬೇಕೆಂದರೆ ಅದನ್ನು ಪೂರ್ತಿ ನೋಡಬೇಕಾಗುತ್ತದೆ. ಹೊಗಳುವುದಕ್ಕೆ ಆ ಕಷ್ಟವಿಲ್ಲ. ನಮ್ಮ ಮನೆಯಾಕೆ ಪದ್ಮಾ ಒಮ್ಮೆ ಪರೀಕ್ಷೆಗೆಂದೇ ಉಪ್ಪು ಹಾಕದೆ ಸಾರು ಬಡಿಸಿದ್ದಳು. ನಾನು ಪೇಪರಿನಿಂದ ಕಣ್ಣೆತ್ತದೆ, "ಭಾಳ ಛಂದ ಆಗ್ಯದ" ಎಂದೆ. "ಇನ್ನಾ ಉಂಡೇ ಇಲ್ಲಲ್ರಿ ನೀವು" ಎಂದಳು. ನೋಡಿದರೆ ಹೌದು, ಸಾರು ಬಟ್ಟಲಲ್ಲೇ ಇತ್ತು.

ಇಂಥ ನನ್ನನ್ನು ಒಂದು ಕವಿಬಳಗದ ಉಸ್ತುವಾರಿಗೆ ಹಚ್ಚಿದರು. ಎರಡು ಸಾವಿರದ ಎಂಟರ ಸುಮಾರಿಗೆ, ನಾನು ಸೇಡಂನ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ, ನಮ್ಮ ಕಡೆಯ ಕವಿಗಳೆಲ್ಲ ಸೇರಿ ಅಂತರ್ಜಾಲದಲ್ಲಿ ನಮ್ಮ ಹೊಳೆಯ ಹೆಸರಿಟ್ಟು 'ಕಾಗಿಣಾ ಕಾವ್ಯಕೂಟ' ಎಂಬ ತಾಣ ಕಟ್ಟಿಕೊಂಡಿದ್ದೆವು. ಸೈಬರ್ ಕೆಫೆಯಲ್ಲಿ ಕುಳಿತು ಕನ್ನಡ ಟೈಪ್ ಮಾಡಿದರೆ ಒತ್ತಕ್ಷರಗಳು ಮುನಿಸಿಕೊಂಡ ಬೀಗರಂತೆ ಪಕ್ಕಕ್ಕೆ ಹೋಗಿ ಕೂರುತ್ತಿದ್ದ ಕಾಲ ಅದು. ನನಗೆ ಟೈಪಿಂಗ್ ಬರುತ್ತಿತ್ತು, ಅದೊಂದೇ ಅರ್ಹತೆ. ತಿಂಗಳುಪೂರ್ತಿ ನಡೆಯುವ 'ಕವಿತಾ ಸವಾಲು' ಎಂಬುದನ್ನು ನಾನೇ ಹುಟ್ಟುಹಾಕಿದೆ. ದಿನಕ್ಕೊಂದು ಪದ ಕೊಡುವುದು, ಎಂಟು ಸಾಲು ಮೀರದಂತೆ ಕವಿತೆ ಬರೆಯುವುದು, ಬರೆದವರೆಲ್ಲ ಇನ್ನಿಬ್ಬರ ಕವಿತೆ ಓದಿ 'ಅರ್ಥಪೂರ್ಣ' ಅನಿಸಿಕೆ ಹಾಕುವುದು. 'ಅರ್ಥಪೂರ್ಣ' ಎಂಬ ಪದಕ್ಕೆ ಕೆಂಪು ಬಣ್ಣ ಹಚ್ಚಿದವನೂ ನಾನೇ.

ಜನ ಬರೆದರು. ಅನಿಸಿಕೆಗಳೂ ಬಂದವು. 'ಸೂಪರ್', 'ಮನ ಮುಟ್ಟಿತು', 'ವಾಹ್ ವಾಹ್'. ಚಿತ್ತಾಪುರದ ವಕೀಲರೊಬ್ಬರು ಎಲ್ಲರಿಗೂ ಮೂರು ಆಶ್ಚರ್ಯಚಿಹ್ನೆ ಮಾತ್ರ ಹಾಕುತ್ತಿದ್ದರು. ನಾನಾದರೂ ಏನು ಕಡಿಮೆ? ಉಸ್ತುವಾರಿ ಎಂದ ಮೇಲೆ ಎಲ್ಲರ ಬೆನ್ನೂ ತಟ್ಟಬೇಕಲ್ಲ, ಒಂದು ವಾಕ್ಯ ಬರೆದಿಟ್ಟುಕೊಂಡು ಎಲ್ಲ ಕವಿತೆಗಳ ಕೆಳಗೂ ಅಂಟಿಸುತ್ತ ಹೋದೆ: 'ಸೊಗಸಾಗಿದೆ. ಹೀಗೇ ಮುಂದುವರಿಯಲಿ.'

ಮೂರನೆಯ ದಿನದ ಪದ 'ಕಲ್ಲು'. ಶಹಾಬಾದ್ ಹತ್ತಿರದ ಭಂಕೂರಿನ ಇಂದಿರಾಬಾಯಿ ಎಂಬ ಅಂಗನವಾಡಿ ಕಾರ್ಯಕರ್ತೆ ಒಂದು ಕವಿತೆ ಹಾಕಿದ್ದರು. ಅದಕ್ಕೂ ನನ್ನ ವಾಕ್ಯ ಅಂಟಿಸಿದೆ. ಮರುದಿನ ಅವರ ಉತ್ತರ ಬಂದಿತ್ತು: 'ಧನ್ಯವಾದ ಸರ್. ಏನು ಮುಂದುವರಿಯಬೇಕು ಎಂದು ತಿಳಿಯಲಿಲ್ಲ. ಯಜಮಾನರು ತೀರಿಕೊಂಡು ಎಂಟು ತಿಂಗಳಾಯಿತು.'

ಆಗ ಕವಿತೆ ಓದಿದೆ. ಗಂಡ ಕಲ್ಲು ಕೊಯ್ಯುವ ಯಂತ್ರದ ಕೆಲಸದವರು. ಅವರ ಅಂಗಿ ಮೂರು ಸಲ ಜಾಲಿಸಿದರೂ ನೀರು ಮಜ್ಜಿಗೆಯಂತೆ ಬರುತ್ತಿತ್ತು ಎಂದು ಬರೆದಿದ್ದರು. ಅವರ ಎದೆಯೊಳಗೆ ಕೂತ ದೂಳನ್ನು ಒಗೆಯಲು ಯಾವ ಹಳ್ಳಕ್ಕೆ ಹೋಗಲಿ ಎಂದು ಕೇಳಿದ್ದರು. ಕೊನೆಯ ಸಾಲು, 'ಒಂದು ಅಂಗಿ ಮಾತ್ರ ಇನ್ನೂ ಒಗೆದಿಲ್ಲ.' ಅದರ ಕೆಳಗೆ ನನ್ನ 'ಸೊಗಸಾಗಿದೆ' ಹಲ್ಲು ಕಿರಿದು ನಿಂತಿತ್ತು. ಅದಕ್ಕೂ ಕೆಳಗೆ ವಕೀಲರ ಮೂರು ಆಶ್ಚರ್ಯಚಿಹ್ನೆ.

ಕ್ಷಮೆ ಕೇಳಿ ನಾಲ್ಕು ಸಾಲು ಬರೆಯಲು ಕುಳಿತೆ. ಟೈಪಿಂಗ್ ಬರುವ ಬೆರಳುಗಳಿಗೆ ಅಂದು ಒಂದಕ್ಷರವೂ ಬರಲಿಲ್ಲ. ಸದಸ್ಯರ ಪಟ್ಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ, ಕ್ಷಮೆ ಕೇಳಲು ಮನೆಗೇ ಬರುತ್ತೇನೆಂದು ಹೇಳಿ, ಭಾನುವಾರ ಪ್ಯಾಸೆಂಜರ್ ರೈಲು ಹತ್ತಿದೆ. ವಾಡಿ ಜಂಕ್ಷನ್ನಿನಲ್ಲಿ ಅದು ಸುಮ್ಮನೆ ನಿಂತುಬಿಟ್ಟಿತು. ಅಲ್ಲಿಯೇ ಇಳಿದು ವಾಪಸು ಹೋಗಿಬಿಡೋಣವೇ ಎಂದು ಎರಡು ಸಲ ಅನಿಸಿದ್ದು ಸುಳ್ಳಲ್ಲ.

ಇಂದಿರಾಬಾಯಿ ಬಾಗಿಲಲ್ಲೇ ನಿಂತಿದ್ದರು. "ಬರ್ರಿ ಸರ, ಕುಂದ್ರಿ. ಕ್ಷಮಾ ಆಮ್ಯಾಗ ಕೇಳೀರಂತ, ಮೊದ್ಲ ನೀರು ಕುಡೀರಿ."

ನೀರು ಕುಡಿದೆ. "ಕವಿತಾ ಓದಿದ್ರೇನ್ರಿ?" ಎಂದರು.

"ಓದೀನ್ರಿ."

"ಅನಿಸಿಕಿ ಹಾಕೋಕಿಂತ ಮೊದ್ಲೋ, ಆಮ್ಯಾಗೋ?"

ಅಂಗನವಾಡಿಯ ಮಕ್ಕಳು ಇವರ ಮುಂದೆ ಸುಳ್ಳು ಹೇಳುವುದು ಸಾಧ್ಯವಿಲ್ಲ ಎಂದು ನನಗೆ ತಿಳಿಯಿತು. "ಆಮ್ಯಾಗ್ರಿ" ಎಂದೆ. ಅವರು ನಕ್ಕರು. ಆ ನಗೆಯಿಂದ ಧೈರ್ಯ ಬಂದು, ರೈಲಿನಲ್ಲಿ ತಲೆ ಕೊರೆದಿದ್ದನ್ನು ಕೇಳಿಯೇಬಿಟ್ಟೆ: "ಆ ಒಂದು ಅಂಗಿ ಯಾಕ ಒಗದಿಲ್ರಿ?"

ನನ್ನ ಕೈಯಿಂದ ಖಾಲಿ ಲೋಟ ತೆಗೆದು ಕೆಳಗಿಟ್ಟರು. "ದಿನಾ ಸಂಜಿ ಬಂದು, 'ನಾಳಿ ಮತ್ತ ಅದೇ ದೂಳು, ಇವತ್ತು ಒಗೀಬ್ಯಾಡ' ಅಂತಿದ್ರು. ನಾ ಕೇಳ್ತಿದ್ದಿಲ್ಲ. ಇಪ್ಪತ್ತು ವರ್ಷ ಅದಕ್ಕೇ ಜಗಳಾಡೀನಿ. ಅವತ್ತೊಂದಿನ ನನಗೂ ಸಾಕಾಗಿತ್ತು, ಹೂಂ ಅಂದೆ. ಅದೇ ಕಡೀ ಅಂಗಿ ಆತು." ಸೆರಗಿನಿಂದ ಮುಖ ಒರೆಸಿಕೊಂಡರು. "ಭಾಳ ಮಂದಿ ಛಂದ ಅದ ಅಂದ್ರು ಸರ. ಯಾಕಂತ ಕೇಳಿದವ್ರು ನೀವೊಬ್ಬರೇ."

ಆ ಮನೆಯಲ್ಲಿ ಎರಡು ತಾಸು ಕುಳಿತೆ. ಅವರು ಗಂಡನ ಬಗ್ಗೆ ಹೇಳಿದರು, ನಾನು ಕೇಳಿದೆ. ಕ್ಷಮೆಯ ಮಾತು ಬರಲೇ ಇಲ್ಲ.

ಸೇಡಂಗೆ ಮರಳಿದವನೇ ನಿಯಮ ಬದಲಿಸಿದೆ. ಇನ್ನು ಮುಂದೆ ಹೊಗಳುವ ಹಾಗಿಲ್ಲ; ಕವಿತೆ ಓದಿ ಒಂದು ಪ್ರಶ್ನೆ ಕೇಳಬೇಕು, ಬರೆದವರು ಉತ್ತರಿಸಬೇಕು. ಅರ್ಧಕ್ಕರ್ಧ ಜನ ಬಿಟ್ಟುಹೋದರು. ವಕೀಲರು ಫೋನ್ ಮಾಡಿ, "ಪ್ರಶ್ನಾ ಕೇಳಾದು ನನ್ನ ಧಂದೆ ಅದರಿ, ಅದನ್ನ ಪುಕ್ಕಟ ಯಾಕ ಮಾಡ್ಲಿ?" ಎಂದು ರೇಗಿದರು. ಆದರೆ ಉಳಿದವರು ಮಾತಾಡತೊಡಗಿದರು. ಚಿಂಚೋಳಿಯ ಅರಣ್ಯ ರಕ್ಷಕರೊಬ್ಬರು ಚಂದ್ರಂಪಳ್ಳಿಯ ಕೆರೆಯ ಮೇಲೆ ಆರು ಸಾಲು ಬರೆದಿದ್ದರು. 'ಅಲ್ಲಿ ಕೂಗಿದ ಹಕ್ಕಿ ಯಾವುದು?' ಎಂದು ಯಾರೋ ಕೇಳಿದ್ದಕ್ಕೆ ಎರಡು ಪುಟ ಉತ್ತರ ಬರೆದರು. ಕವಿತೆಗಿಂತ ಆ ಉತ್ತರವೇ ಚೆನ್ನಾಗಿತ್ತು. ನಿಯಮದ ಪ್ರಕಾರ ಅದನ್ನು ಹೇಳುವ ಹಾಗಿರಲಿಲ್ಲ. ಇಂದಿರಾಬಾಯಿಯಂತೂ ಎಲ್ಲರ ಕವಿತೆಯನ್ನೂ ಓದಿ, ಎಲ್ಲರನ್ನೂ ಕೇಳುತ್ತಿದ್ದರು.

ಈ ಯಶಸ್ಸು ನನ್ನ ತಲೆಗೇರಿತು. ಸವಾಲಿನ ಕೊನೆಯ ದಿನ ನಾನೂ ಒಂದು ಪ್ರೇಮಕವಿತೆ ಹಾಕಿದೆ. ನಿನ್ನ ಗೆಜ್ಜೆಯ ದನಿಗೆ ಕಾಗಿಣೆ ನಿದ್ದೆ ತಿಳಿದೆದ್ದಳು ಎಂದೇನೋ ಬರೆದಿದ್ದೆ. ಮರುದಿನ ಪ್ರಶ್ನೆಗಳನ್ನೆಲ್ಲ ಪ್ರಿಂಟ್ ತೆಗೆಸಿ, ಹೆಮ್ಮೆಯಿಂದ ಮನೆಗೆ ತಂದು ಪದ್ಮಾಳ ಕೈಗೆ ಕೊಟ್ಟೆ. ಮೊದಲನೆಯದೇ ಇಂದಿರಾಬಾಯಿಯದು: 'ಗೆಜ್ಜೆ ಹಾಕಿಕೊಂಡವರು ಯಾರು ಸರ್? ಮನೆಯವರೇ?'

ಪದ್ಮಾ ಅದನ್ನು ಎರಡು ಸಲ ಓದಿದಳು. ಕನ್ನಡಕ ತೆಗೆದಳು. "ಇಪ್ಪತ್ತೆರಡು ವರ್ಷ ಆತು ನಿಮ್ಮನ್ನ ಲಗ್ನ ಆಗಿ. ನಾ ಯಾವತ್ತರ ಗೆಜ್ಜಿ ಹಾಕ್ಕೊಂಡೀನೇನ್ರಿ?"

ಎಲ್ಲರೂ ಅರ್ಥಪೂರ್ಣವಾಗಿ ಪಾಲ್ಗೊಳ್ಳಿ ಎಂದು ಊರೂರಿಗೆ ಸಾರಿದವನು ನಾನೇ. ಈಗ ಇಬ್ಬರು ಪಾಲ್ಗೊಂಡು ಕಾಯುತ್ತಿದ್ದಾರೆ, ಒಬ್ಬರು ಭಂಕೂರಿನಲ್ಲಿ, ಒಬ್ಬರು ಅಡುಗೆಮನೆಯಲ್ಲಿ. ಇಬ್ಬರಿಗೂ ಕೊಡುವ ಉತ್ತರ ನನಗಿನ್ನೂ ಹೊಳೆದಿಲ್ಲ.