ದೊಡ್ಡಾಯಿ ಹೋದಳೆಂಬ ಸಂದೇಶ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ. ತಡಮಾಡಿದರೆ ನೀವೇ ಕಂಡುಹಿಡಿದುಬಿಡುತ್ತೀರಿ, ಒಪ್ಪಿಕೊಂಡ ಪುಣ್ಯವೂ ನನಗೆ ಸಿಗುವುದಿಲ್ಲ. ಬೇರೆಯವರ ದನಿ ತೆಗೆಯುವ ಚಟ ನನಗೆ ಶಾಲೆಯ ದಿನಗಳಿಂದಲೂ ಇದೆ. ಹೆಡ್‌ಮಾಸ್ತರರ ಕೆಮ್ಮು, ಸೋದರತ್ತೆಯ ಸೀನು, ಬಸ್ ಕಂಡಕ್ಟರನ ಕೂಗು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ನಿನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕು.

ನಮ್ಮ ಸಾವಕಾರರಿಗೆ ಬಸವಕಲ್ಯಾಣದಲ್ಲೊಂದು, ಹುಮನಾಬಾದಿನಲ್ಲೊಂದು ಫ್ರಿಜ್ಜು, ಟಿವಿ, ಮಿಕ್ಸರುಗಳ ಅಂಗಡಿ. ಎಲ್ಲಿ ಏನು ಮಾರಿದರೂ ಅಂಗಡಿಯವರ ಚಾಟ್ ಗ್ರೂಪಿಗೆ ತಾನಾಗಿಯೇ ಸಂದೇಶ ಬರುವಂತೆ ಮಾಡುವುದು ನನ್ನ ಕೆಲಸ. ಮೊದಲ ಸಲ ಮಾಡಿದಾಗ ಪ್ರತಿಯೊಂದು ಬಲ್ಬಿಗೂ ಎಲ್ಲರ ಫೋನು ಟಿಣ್ ಅನ್ನತೊಡಗಿತು. ಸಾವಕಾರರ ಪೂಜೆಯಲ್ಲಿ ಗಂಟೆ ಯಾವುದು, ಬಲ್ಬು ಯಾವುದು ತಿಳಿಯದಾಯಿತು. "ಲೇ ಸಂಗ್ಯಾ, ಸಣ್ಣ ಮಾಲಿಗೆಲ್ಲಾ ಒದರಿಸಬ್ಯಾಡ. ದೊಡ್ಡ ಮಾಲು ಹೋದ್ರಷ್ಟ ತಿಳಸು. ಅದನ್ನೂ ಬಾಯ್ಲೆ ಹೇಳೂ ಹಂಗ ಮಾಡು, ನನಗ ಚಷ್ಮಾ ಸಿಗಂಗಿಲ್ಲ" ಎಂದರು. ಹೀಗೆ ದೊಡ್ಡ ಮಾಲಿಗೆ ದನಿಯ ಸಂದೇಶ ಬಂತು. ಪ್ರಯೋಗಕ್ಕೆ ಯಾರ ದನಿ? ಹುಮನಾಬಾದ್ ಅಂಗಡಿ ನೋಡಿಕೊಳ್ಳುವ ಬಾಬುರಾವ್ ಕಾಕಾನದು. ಆತ "ಚಹಾ ಬಂತು" ಎಂದರೂ ಕೇಳಿದವರು ಟೋಪಿ ತೆಗೆಯಬೇಕು, ಅಂಥ ಅಳುದನಿ.

ಆ ಅಂಗಡಿಯ ಬಾಗಿಲಲ್ಲಿ ಎರಡು ಬಾಗಿಲಿನ ದೊಡ್ಡ ಫ್ರಿಜ್ಜೊಂದು ಮಾರಾಟವಾಗದೆ ನಿಂತಿತ್ತು. ಒಳಗೆ ಬಂದವರನ್ನೆಲ್ಲ ತಣ್ಣಗೆ ದಿಟ್ಟಿಸುತ್ತಿತ್ತು. ಅದಕ್ಕೆ ಸಾವಕಾರರ ತಾಯಿಯ ಹೆಸರನ್ನೇ ಇಟ್ಟವನು ನಾನು: ದೊಡ್ಡಾಯಿ. ಅಂಗಡಿಯ ಹುಡುಗರೆಲ್ಲ ಹಾಗೇ ಕರೆಯುತ್ತಿದ್ದರು, ಸಾವಕಾರರಿಗೆ ಗೊತ್ತಿರಲಿಲ್ಲ. ನಾನು ಬಾಬುರಾವ್ ಕಾಕಾನ ದನಿಯಲ್ಲಿ "ಸಾವಕಾರ್ರೀ... ದೊಡ್ಡಾಯಿ ಹೋದಳ್ರೀ..." ಎಂದು ಅತ್ತು, ನಕ್ಕು, ಆ ಫ್ರಿಜ್ಜು ಮಾರಿದೊಡನೆ ಹೋಗುವಂತೆ ಪ್ರಯೋಗದ ಗ್ರೂಪಿಗೆ ಜೋಡಿಸಿದೆ. ಜೋಡಿಸಿದ್ದು ನಿಜವಾದ ಗ್ರೂಪಿಗೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಮರುದಿನ ಸಾವಕಾರರು ಬಸವಕಲ್ಯಾಣದ ಅಂಗಡಿಯಲ್ಲಿ ಕುಳಿತಿದ್ದಾಗ ಅವರ ಫೋನು ಅತ್ತಿತು. ಅವರ ಕೈಯಲ್ಲಿದ್ದ ಚಹಾದ ಬಸಿ ನೆಲಕ್ಕೆ ಬಿತ್ತು. ಬಾಬುರಾವ್ ಕಾಕಾನಿಗೆ ಫೋನು ಮಾಡಿದರು, ಎತ್ತಲಿಲ್ಲ. ಮನೆಗೆ ಮಾಡಿದರು, ಅಲ್ಲೂ ಎತ್ತಲಿಲ್ಲ. "ಸಂಗ್ಯಾ, ಹುಮನಾಬಾದ್ ಮನಿಗೆ ನಡಿ. ಗಾಡಿ ನೀ ಹೊಡಿ" ಎಂದರು. ನಾನು "ಸಾವಕಾರ್ರ, ಅದು..." ಎಂದೆ. "ಮಾತಾಡಬ್ಯಾಡಪ್ಪಾ" ಎಂದರು. ಹೇಡಿಗೆ ಅಷ್ಟು ಸಾಕು.

ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿ ಹಿಡಿದ ಮೇಲೆ ಅವರು ಆ ಅಳುವನ್ನು ಮತ್ತೆ ಮತ್ತೆ ಹಾಕಿ ಕೇಳತೊಡಗಿದರು. ನನ್ನ ನಿಜವಾದ ಭಯ ಶುರುವಾದದ್ದು ಆಗ. ನಿಜವಾದ ದೊಡ್ಡಾಯಿಗೆ ಒಂದು ವಾರದಿಂದ ಜ್ವರ ಇತ್ತಲ್ಲ! ಇದು ನನ್ನ ದನಿಯೋ, ನಿಜವಾದ ಬಾಬುರಾವ್ ಕಾಕಾನದೋ? ಕೊನೆಯಲ್ಲೊಂದು ಮೂಗೆಳೆತ ಕೇಳಿಸುತ್ತಿತ್ತು, ನಾನು ಮೂಗೆಳೆದಿದ್ದೆನೇ? ನೆನಪಾಗಲಿಲ್ಲ. ಇಷ್ಟು ವರ್ಷ ಎಲ್ಲರೂ ಹೊಗಳಿದ ವಿದ್ಯೆ ನನ್ನನ್ನೇ ಮೋಸಮಾಡಿತ್ತು. ಒಂದು ಗಳಿಗೆ, ಇದು ಕಾಕಾನದೇ ದನಿಯಾಗಿರಲಿ, ನನ್ನ ನೌಕರಿ ಉಳಿಯಲಿ ಎಂದು ಒಳಗೆ ಯಾರೋ ಪಿಸುಗುಟ್ಟಿದರು. ಆ ದನಿ ಮಾತ್ರ ಯಾರ ಅನುಕರಣೆಯೂ ಆಗಿರಲಿಲ್ಲ. ಅದಕ್ಕೆ ಈಗಲೂ ಹೆದರುತ್ತೇನೆ.

ರಾಜೇಶ್ವರದ ಹತ್ತಿರ ಸಾವಕಾರರು ಚಷ್ಮಾ ಹಾಕಿಕೊಂಡು ಫೋನು ನೋಡಿ ಚೀರಿದರು: "ಇವ್ರ ಮನಿ ಹಾಳಾಗ್ಲಿ! ನಮ್ಮ ಆಯಿ ಹೋಗ್ಯಾಳಂದ್ರ ಹುಮನಾಬಾದ್ ಹುಡುಗುರು ಗ್ರೂಪಿನ್ಯಾಗ ಚಪ್ಪಾಳಿ ಹೊಡ್ಯಾಕತ್ತಾರಲ್ಲೋ!"

ಚಪ್ಪಾಳೆ! ಹೋದದ್ದು ಫ್ರಿಜ್ಜು, ಅದನ್ನು ಸಾಗಿಸುವ ಗಡಿಬಿಡಿಯಲ್ಲೇ ಕಾಕಾ ಫೋನು ಎತ್ತಿರಲಿಲ್ಲ. ದೊಡ್ಡಾಯಿಯ ಜೀವ ಉಳಿಯಿತು, ನನ್ನದು ಬಾಯಿಗೆ ಬಂತು. ಗಾಡಿಯನ್ನು ಬದಿಗೆ ನಿಲ್ಲಿಸಿ, ಫ್ರಿಜ್ಜಿನ ಹೆಸರಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಚಷ್ಮಾ ತೆಗೆದು ಕಿಸೆಗಿಟ್ಟು, "ನಡಿ. ಆಯಿ ಮುಂದ ಹೇಳು" ಎಂದರು ಅಷ್ಟೇ.

ಮಾಣಿಕನಗರದ ಕಡೆಯ ಅವರ ಮನೆಯ ಪಡಸಾಲೆಯಲ್ಲಿ ದೊಡ್ಡಾಯಿ ಜ್ವರ ಬಿಟ್ಟು ಎದ್ದು ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದಳು. ಫೋನು ಒಳಗೆಲ್ಲೋ ಬಡಿದುಕೊಂಡಿತ್ತಂತೆ, ಎದ್ದು ಹೋಗಲು ಬೇಸರವಂತೆ. ಸಾವಕಾರರು ಅವಳ ಕಾಲು ಹಿಡಿದು ಕೂತೇಬಿಟ್ಟರು. ನಾನು ಕಂಬಕ್ಕೆ ಅಂಟಿ ನಿಂತು ಇದ್ದದ್ದನ್ನೆಲ್ಲ ಒಪ್ಪಿಸಿದೆ.

"ಹ್ಯಾಂಗ ಅತ್ತಿದ್ದಿ? ಮಾಡಿ ತೋರ್ಸು" ಎಂದಳು ದೊಡ್ಡಾಯಿ.

ಬೇಡವೆನ್ನಲು ಧೈರ್ಯ ಬೇಕಲ್ಲ. ಅವಳ ಎದುರಿಗೇ ಅವಳು ಹೋದಳೆಂದು ಅತ್ತೆ. ಭಯಕ್ಕೆ ಕಣ್ಣಲ್ಲಿ ನಿಜವಾದ ನೀರೇ ಬಂತು, ಮೂಗೂ ಸೋರಿತು.

ಸಾವಕಾರರು ಎದ್ದು ನಿಂತರು. "ಕೇಳಿದ್ಯಾ ಆಯಿ? ಇವತ್ತೇ ಇವನ ಕೆಲಸಾ ಬಿಡಸ್ತೀನಿ."

ದೊಡ್ಡಾಯಿ ಮೊರದಿಂದ ತಲೆಯೆತ್ತಲಿಲ್ಲ. "ಬಿಡಸಬ್ಯಾಡೋ, ಇಟ್ಕೋ. ನಾ ಖರೇನ ಹೋದ ದಿನಾ ಒಬ್ಬಾವರೆ ಬೇಕಲ್ಲ, ನಿಮಗ್ಯಾರಿಗೂ ಇಷ್ಟು ಛಂದ ಅಳಾಕ ಬರಂಗಿಲ್ಲ."