ಷಡ್ಡಕರ ಸೀಟು ಪರ್ವ

ಎರಡನೇ ಶನಿವಾರವು ಭಾನುವಾರದೊಡನೆ ಕೈಜೋಡಿಸಿ ನೌಕರಕುಲವನ್ನು ಉದ್ಧರಿಸುವ ಈ ಕಲಿಯುಗಕ್ಕೆ ಜಯವಾಗಲಿ! ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವಲೆಸೆದು ಸೀಟು ಹಿಡಿಯುವ ಮಹಾವಿದ್ಯೆಯನ್ನು ನಾಡಿಗೆ ಕರುಣಿಸಿದ ಅಜ್ಞಾತ ಋಷಿಗೆ ನಮನ! ಆ ವಿದ್ಯೆಯಲ್ಲಿ ಪಾರಂಗತನೂ ನೀಲರೇಖಾಂಕಿತ ಟವಲ್‌ಪಾಣಿಯೂ ಹರಿಹರ ಬಸ್‌ಸ್ಟ್ಯಾಂಡ್ ಕೇಸರಿಯೂ ಆದ ಹಾಲೇಶಪ್ಪನನ್ನು, ಅಂತೆಯೇ ಅವನ ಹೆಂಡತಿಯ ತಂಗಿಯನ್ನು ವರಿಸಿದ, ಪ್ರಚಂಡ ಮೊಣಕೈ ವಿಕ್ರಮಿಯಾದ ಓಂಕಾರಪ್ಪನನ್ನು ಹಾಡುವೆನು. ಈ ಷಡ್ಡಕರು ಹದಿನಾಲ್ಕು ವರ್ಷಗಳಿಂದ ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದರು. ಅದೂ ಹೆಂಡಿರು ಕಣ್ಣು ಬಿಟ್ಟಾಗ ಮಾತ್ರ.

ಸಮರಕ್ಕೆ ಕಾರಣ ಅತ್ತೆ ಕೊಟ್ರಮ್ಮ. ಅರವತ್ತೆಂಟು ವರ್ಷ ತುಂಗಭದ್ರೆಯ ದಡದಲ್ಲೇ ಬಾಳಿದ ಆ ಪೂಜ್ಯರು ಸಮುದ್ರವನ್ನು ಕಂಡವರಲ್ಲ. ಶನಿವಾರ, ಕಡಲ ನಡುವಿನ ದ್ವೀಪ ನೋಡಲು ಮನೆಮಂದಿಯೆಲ್ಲ ಹೊರಟಿದ್ದ ವ್ಯಾನು ಘಾಟಿ ಇಳಿಯುವಾಗ ಅವರು ಅಳಿಯಂದಿರಲ್ಲಿ ಬೇಡಿದ್ದು ಒಂದೇ.

"ನಂಗೆ ಅಲೆ ಅಂದ್ರೆ ಭಯ ಐತಪ್ಪ. ದ್ವೀಪದಾಗ ನೀವಿಬ್ರೂ ಒಂದೊಂದ್ ಕೈ ಹಿಡ್ಕಂಡ್ರೆ ನೀರಿಗೆ ಕಾಲಿಡ್ತೀನಿ."

"ಆತು ಅತ್ತೆ!" ಎಂದು ವೀರರಿಬ್ಬರೂ ಏಕಕಂಠದಿಂದ ಪ್ರತಿಜ್ಞೆಗೈದರು. ಅವರು ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು.

ಭಾನುವಾರದ ಭಾಸ್ಕರನು ತೆಂಗಿನ ತಲೆಗಳ ಮೇಲೆ ಏರಿ ಬರುತ್ತಿರಲು, ದ್ವೀಪಕ್ಕೆ ಹೋಗುವ ಬೋಟು ಗುಡುಗುಡು ಸದ್ದಿನೊಡನೆ ದೋಣಿಗಳು ನಿಲ್ಲುವ ದಕ್ಕೆಗೆ ಬಂತು. ಹಗ್ಗ ಕಟ್ಟುವ ಮೊದಲೇ ಹಾಲೇಶಪ್ಪನು ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದಾಗಿಸಿ, ಎಲ್ಲಕ್ಕಿಂತ ಮುಂದಿನ ಬೆಂಚಿನತ್ತ ಟವಲನ್ನು ಬೀಸಿ ಒಗೆದನು. ನಡುಗಗನದಲ್ಲಿ ಬಿಚ್ಚಿಕೊಂಡ ಆ ದಿವ್ಯಾಸ್ತ್ರವು ಕಡಲ ಗಾಳಿಯನ್ನು ಗೆದ್ದು, ಗುರಿಯ ಮೇಲೆ ಅಚ್ಚುಕಟ್ಟಾಗಿ ಹರಡಿಕೊಂಡಿತು. ಹಾಗೆ ಹರಡಿದ ಟವಲಿನ ಮೇಲೆಯೇ, ಮೂವರನ್ನು ಮೊಣಕೈಯಿಂದ ತಳ್ಳಿ ನುಗ್ಗಿದ ಓಂಕಾರಪ್ಪನು ಕುಳಿತುಬಿಟ್ಟನು!

"ಏಳಲೇ ಓಂಕಾರಿ!" ಎಂದು ಹಾಲೇಶಪ್ಪನು ಗರ್ಜಿಸಿದನು. "ಇಪ್ಪತ್ತೆರಡು ವರ್ಷ ಹರಿಹರ ಬಸ್‌ಸ್ಟ್ಯಾಂಡಿನಾಗ ಟವಲ್ ಒಗ್ದೀನಿ. ದಸರಾ ರಶ್ಶಿನಾಗೂ ನಿಂತು ಹೋದೋನಲ್ಲ ನಾನು. ಟವಲ್ ಬಿದ್ದ ಸೀಟು ನಂದು, ಅತ್ತೇನ ಕೂರ್ಸೋನು ನಾನು!"

"ಟವಲ್ ಯಾರ್ ಬೇಕಾದ್ರೂ ಒಗೀಬಹುದು ಹಾಲೇಶಣ್ಣ. ಕುಂತೋನ್ದೇ ಸೀಟು. ಅತ್ತೇನ ಕೂರ್ಸೋನು ನಾನು. ತಾಕತ್ತಿದ್ರೆ ಏಳ್ಸು!"

ಹಾಲೇಶಪ್ಪನು ಏಳಿಸಲಾಗದೆ ಪಕ್ಕದಲ್ಲೇ ತೂರಿಕೊಂಡು ಕುಳಿತನು. ಅತ್ತೆಯ ಹೆಸರಿನಲ್ಲಿ ಗೆದ್ದ ಆ ಬೆಂಚಿನಲ್ಲಿ ಈಗ ಅತ್ತೆಗೆ ಜಾಗವಿರಲಿಲ್ಲ. ಅವರು ಹಿಂದುಗಡೆ ಹೆಣ್ಣುಮಕ್ಕಳ ನಡುವೆ, ನೆರಳಿನಲ್ಲಿ, ಆರಾಮವಾಗಿ ಕುಳಿತರು. ದಾರಿಯಲ್ಲಿ ಡಾಲ್ಫಿನ್ ಒಂದು ನೆಗೆಯಿತು. ಬೋಟಿಗೆ ಬೋಟೇ ಹೋ ಎಂದಿತು. ಬಿಸಿಲಲ್ಲಿ ಬೇಯುತ್ತಿದ್ದ ಮಹಾರಥರು ಮಾತ್ರ ಒಬ್ಬರ ಮೊಣಕೈಯನ್ನು ಒಬ್ಬರು ಕಾಯುತ್ತಿದ್ದರು.

ದ್ವೀಪ ಬಂತು. ಕಪ್ಪು ಬಂಡೆ, ಚಿಪ್ಪು ಹಾಸಿದ ದಂಡೆ, ನಾಲ್ಕಾರು ತೆಂಗು. ಎಲ್ಲರೂ ಇಳಿದರು. "ಬರ್ರಪ್ಪಾ ಇಬ್ರೂ," ಎಂದು ಕೊಟ್ರಮ್ಮ ಕೆಳಗಿನಿಂದ ಕೈ ಚಾಚಿದರು.

"ನಡೀರಿ ಅತ್ತೆ, ಬಂದೆ. ವಾಪಸ್ ಹೋಗಾಕೆ ಸೀಟು ಬೇಕಲ್ಲ! ಇವ್ನು ಮೊದ್ಲು ಇಳೀಲಿ."

"ಹಾಲೇಶಣ್ಣ ಇಳೀಲಿ, ಆಮೇಲೆ ನಾನು."

ಪ್ರವಾಸದ ಬಸ್ಸಿನಂತೆ ಈ ಬೋಟೂ ತಮಗಾಗಿ ಸಂಜೆಯವರೆಗೆ ಕಾದು ನಿಲ್ಲುವುದೆಂದು ಇಬ್ಬರೂ ತಿಳಿದಿದ್ದರು. "ಇಳಿಯುವವರು ಬೇಗ ಇಳೀರಿ ಮಾರ್ರೆ, ಈಗಲೇ ತಿರುಗಿಸ್ತೇವೆ," ಎಂದು ಬೋಟಿನವನು ಮೂರು ಸಲ ಕೂಗಿದ್ದು ಆ ವಾಗ್ಯುದ್ಧದಲ್ಲಿ ಕೇಳಿಸಲಿಲ್ಲ. ತಲೆಯೆತ್ತಿದಾಗ ತೆಂಗಿನಮರಗಳು ಪೊರಕೆಕಡ್ಡಿಯಷ್ಟಾಗಿದ್ದವು. ದಂಡೆಯಲ್ಲಿ ಅತ್ತೆಯ ಹಸಿರು ಸೀರೆ ಇನ್ನೂ ಇತ್ತ ನೋಡುತ್ತ ನಿಂತಿತ್ತು. ಕೊಟ್ಟ ಮಾತು ಹಾಲೇಶಪ್ಪನಿಗೆ ಆಗ ನೆನಪಾಯಿತು.

ದಕ್ಕೆಯಲ್ಲಿ ಬೋಟಿನವನು ಇಬ್ಬರಿಗೂ ಇಳಿಯಹೇಳಿದನು. "ಹೋಗಿ ಬಂದಾಯ್ತಲ್ಲ, ನಿಮ್ಮ ಟಿಕೆಟ್ ಮುಗೀತು."

"ನಾವು ದ್ವೀಪ ನೋಡ್ಲೇ ಇಲ್ಲ ಕಣ್ರೀ!"

"ನೋಡ್ಬೇಡಿ ಅಂತ ಯಾರು ಹೇಳಿದ್ದು ಮಾರ್ರೆ?"

ಆ ದಿನದ ಟಿಕೆಟ್ಟುಗಳೆಲ್ಲ ಖರ್ಚಾಗಿದ್ದವು. ಆದರೂ ಹಾಲೇಶಪ್ಪನು ಸೀಟಿನ ಹಕ್ಕು ಬಿಡಲಿಲ್ಲ. ಹೇಗಿದ್ದರೂ ಇದೇ ಬೋಟು ಅತ್ತೆಯನ್ನು ಕರೆತರುವುದೆಂದು, ಟವಲನ್ನು ಬೆಂಚಿನ ಮೇಲೆ ಮತ್ತೊಮ್ಮೆ ಹಾಸಿಯೇ ಇಳಿದನು. ಆಮೇಲೆ ಷಡ್ಡಕರು ಮೀನಿನ ಬುಟ್ಟಿಗಳ ಪಕ್ಕ ಏಳು ಗಂಟೆ ಕಾಲ ಕುಳಿತರು. ಅಲ್ಲಿ ಬೇಕಾದಷ್ಟು ಜಾಗವಿತ್ತು.

ಸಂಜೆ ಅದೇ ಬೋಟಿನಿಂದ ಕೊಟ್ರಮ್ಮ ಇಳಿದರು. ಸೀರೆಯ ಅಂಚು ಮೊಣಕಾಲವರೆಗೆ ಒದ್ದೆ, ಮುಖದ ತುಂಬ ನಗು.

"ನೀರಿಗೆ ಕಾಲಿಟ್ರಾ ಅತ್ತೆ?" ಎಂದು ಓಂಕಾರಪ್ಪನು ಮೆಲ್ಲಗೆ ಕೇಳಿದನು.

"ಹ್ಞೂಂ, ಇಟ್ಟೆ. ಹುಡುಗ್ಯಾರು ಹಿಡ್ಕಂಡ್ರು. ಭಯ ಏನೂ ಆಗ್ಲಿಲ್ಲ."

"ಮುಂದ್ಗಡೆ ಸೀಟು ಸಿಕ್ತಾ ಅತ್ತೆ?" ಎಂದು ಹಾಲೇಶಪ್ಪನು ಮುಂದೆ ಬಂದನು. "ನಿಮಗೇ ಅಂತ ಟವಲ್ ಹಾಕಿದ್ದೆ."

ಕೊಟ್ರಮ್ಮ ಕಂಕುಳಲ್ಲಿದ್ದ ಬಟ್ಟೆಯ ಮುದ್ದೆಯೊಂದನ್ನು ಅವನ ಕೈಗಿತ್ತರು. ಮರಳು ಮೆತ್ತಿ ತೊಯ್ದ ಅದರ ಮೇಲೆ ನೀಲಿ ಗೆರೆಗಳು ಅಲ್ಲಲ್ಲಿ ಕಾಣುತ್ತಿದ್ದವು.

"ನಿಂದೇನಪ್ಪ ಇದು? ಯಾರೋ ಬಿಟ್ಟೋಗ್ಯಾರೆ ಅನ್ಕಂಡು ಕಾಲು ಒರೆಸ್ಕಂಡೆ."