ಲವಂಗವಿಲ್ಲದ ಲುಖ್ಮಿ

ನನಗೆ ಸಿಟ್ಟು ಬರುವುದಿಲ್ಲ. ಇಷ್ಟು ಹೇಳಿದರೆ ಸಾಕು, ನಮ್ಮ ಮನೆಯವರು ಎದ್ದು ಹೊರಗೆ ಹೋಗುತ್ತಾರೆ. ಹೋಗಲಿ. ಇಪ್ಪತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರಿಗೆ ಯಾರು ಮಾತಾಡಿದರೂ ಜಗಳದ ಹಾಗೇ ಕೇಳಿಸುತ್ತದೆ. ನೀವಾದರೂ ಕೂತು ಓದಿ. ಕಳೆದ ಕ್ರಿಸ್‌ಮಸ್‌ಗೆ ನಮ್ಮ ಮನೆಯಲ್ಲಿ ನಡೆದದ್ದರಲ್ಲಿ ನನ್ನ ತಪ್ಪು ಎಷ್ಟಿತ್ತು ಎಂದು ನೀವೇ ಹೇಳಿ. ಸ್ವಲ್ಪ ನೋಡಿಕೊಂಡು ಹೇಳಿ.

ನಾವು ಶಹಾಪುರದವರು. ಕ್ರಿಸ್‌ಮಸ್ ದಿನ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ನಲವತ್ತು ಜನ ನೇರ ನಮ್ಮ ಮನೆಗೆ ಬರುತ್ತಾರೆ. ನನ್ನ ಮುಖ ನೋಡಲು ಅಲ್ಲ. ನಮ್ಮ ಅತ್ತೆ ಎಸ್ತೇರಮ್ಮನವರ ಲುಖ್ಮಿ ತಿನ್ನಲು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೈದಾ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಚೌಕವಾಗಿ ಕತ್ತರಿಸಿ, ಒಳಗೆ ಕೊಚ್ಚಿದ ಮಾಂಸದ ಖೀಮಾ ಇಟ್ಟು, ಮೇಲೊಂದು ಹಾಳೆ ಮುಚ್ಚಿ, ಅಂಚು ಒತ್ತಿ ಎಣ್ಣೆಯಲ್ಲಿ ಕರಿದರೆ ಲುಖ್ಮಿ. ಅದನ್ನು ಸಮೋಸ ಎಂದರೆ ಅತ್ತೆ ಎರಡು ದಿನ ಮಾತು ಬಿಡುತ್ತಾರೆ.

ಅತ್ತೆಯ ತಾಯಿ ಇದನ್ನು ಕಲಿತದ್ದು ಹೈದರಾಬಾದಿನಿಂದ ಬಂದಿದ್ದ ಒಬ್ಬ ಸಾಹೇಬರ ಅಡುಗೆಮನೆಯಲ್ಲಿ, ನಿಜಾಮರ ರಾಜ್ಯ ಮುಗಿಯುತ್ತಿದ್ದ ಕಾಲದಲ್ಲಂತೆ. ಆಮೇಲೆ ಸಾಹೇಬರು ಗಂಟುಮೂಟೆ ಕಟ್ಟಿಕೊಂಡು ಹೋದರು. ಕಚೇರಿಯ ಉರ್ದು ಹೋಯಿತು. ನಮ್ಮ ಸೀಮೆ ಕನ್ನಡ ರಾಜ್ಯಕ್ಕೆ ಸೇರಿತು. ಇಷ್ಟೆಲ್ಲ ಬದಲಾದರೂ ಲುಖ್ಮಿ ಮಾತ್ರ ಒಂದು ಚೂರೂ ಬದಲಾಗಲಿಲ್ಲ. ಅದನ್ನು ಬದಲಾಯಿಸಲು ನಾನು ಈ ಮನೆಗೆ ಸೊಸೆಯಾಗಿ ಬರಬೇಕಾಯಿತು.

ಕಳೆದ ಡಿಸೆಂಬರಿನಲ್ಲಿ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಯಾದಗಿರಿಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದೆವು. ಸುದ್ದಿ ಕೇಳಿ ಸುರಪುರದಿಂದ ನಾದಿನಿ ಶೀಲಾ ಫೋನ್ ಮಾಡಿದಳು. ಅವ್ವನ ಕೈಯ ಬಗ್ಗೆ ಒಂದು ನಿಮಿಷ ಮಾತಾಡಿದಳು, ಲುಖ್ಮಿಯ ಬಗ್ಗೆ ಹತ್ತು ನಿಮಿಷ.

"ವೈನಿ, ಈ ಸಲ ಸುಮ್ನ ಬೇಕರಿಗಿ ಹೇಳಿಬಿಡ್ರಿ. ಲುಖ್ಮಿ ನಿಮ್ಮ ಕೈಲಿ ಆಗೋ ಕೆಲಸ ಅಲ್ಲ."

ಅದೂ ಎಷ್ಟು ಪ್ರೀತಿಯಿಂದ! ನನಗೇನೂ ಸಿಟ್ಟು ಬರಲಿಲ್ಲ. ಆದರೆ ಫೋನ್ ಇಡುವ ಹೊತ್ತಿಗೆ ನೂರಾ ಇಪ್ಪತ್ತು ಲುಖ್ಮಿ ಮನೆಯಲ್ಲೇ ಮಾಡುವುದಾಗಿ ಒಪ್ಪಿಕೊಂಡಿದ್ದೆ.

ಅದರಲ್ಲೇನಿದೆ ಕಷ್ಟ? ನಾನು ಮನೆಯಲ್ಲಿ ಬ್ಲೌಸ್ ಹೊಲಿಯುವವಳು. ಈ ಓಣಿಯ ಎಷ್ಟು ಹೆಂಗಸರ ಅಳತೆ ನನ್ನ ಬಾಯಲ್ಲಿದೆ. ತೋಳು, ಕತ್ತು, ಡಾರ್ಟು ಕತ್ತರಿಸುವ ಕೈಗೆ ನಾಲ್ಕು ಮೂಲೆಯ ಮೈದಾ ಒಂದು ಲೆಕ್ಕವೇ?

ಅತ್ತೆ ಮಂಚದ ಮೇಲೆ ಕೂತು ಆಜ್ಞೆ ಹೊರಡಿಸಿದರು. ತೊಂಬತ್ತು ಖೀಮಾದ್ದು, ಮೂವತ್ತು ಆಲೂದ್ದು. ಆಲೂ ಲುಖ್ಮಿ ಮಕ್ಕಳಿಗೆ, ಹಲ್ಲಿಲ್ಲದ ಹಿರಿಯರಿಗೆ, ಎಲ್ಲಕ್ಕಿಂತ ಮುಖ್ಯವಾಗಿ ಎದುರು ಮನೆಯ ಶರಣಮ್ಮನವರಿಗೆ. ಅವರು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಮಾಂಸ ಮುಟ್ಟದವರು, ನಮ್ಮ ಅತ್ತೆಯ ನಲವತ್ತು ವರ್ಷದ ಗೆಳತಿ. ಕ್ರಿಸ್‌ಮಸ್ ದಿನ ಬಂದು ಬಾಗಿಲ ಪಕ್ಕದ ಅದೇ ಕುರ್ಚಿಯಲ್ಲಿ ಕೂತು ಎರಡು ಲುಖ್ಮಿ ತಿಂದು ಹೋಗುತ್ತಾರೆ. ಅದಕ್ಕೇ ಆಲೂದ್ದನ್ನು ಮೊದಲು, ಹೊಸ ಎಣ್ಣೆಯಲ್ಲಿ ಕರಿಯಬೇಕು. ಬೇರೆ ಪರಾತದಲ್ಲಿ, ಅಂದರೆ ಬೇರೆ ಅಗಲ ತಟ್ಟೆಯಲ್ಲಿ, ಇಡಬೇಕು. ಒಂದೊಂದರ ನಟ್ಟನಡುವೆಯೂ ಒಂದು ಲವಂಗ ಚುಚ್ಚಬೇಕು, ಗುರುತಿಗೆ.

ಹೊಸ ಎಣ್ಣೆ, ಬೇರೆ ಪರಾತ, ಒಪ್ಪಿದೆ. ಲವಂಗಕ್ಕೆ ಮಾತ್ರ ನನ್ನ ಮನಸ್ಸು ಒಪ್ಪಲಿಲ್ಲ. ಪ್ರತಿ ವರ್ಷ ಯಾರೋ ಒಬ್ಬರು ಅದನ್ನು ಕಚ್ಚಿ ಮುಖ ಕಿವಿಚುತ್ತಾರೆ. ಯಾವ ಬ್ಲೌಸ್ ಯಾರದ್ದೆಂದು ಬರೀ ದಾರದ ಗಂಟು ನೋಡಿ ಹೇಳುವ ನನಗೆ ಗುರುತು ಮಾಡುವುದನ್ನು ಕಲಿಸಬೇಕೇ? ನನ್ನದೇ ಒಂದು ಯೋಜನೆ ಮಾಡಿದೆ. ಖೀಮಾದ್ದಕ್ಕೆ ಅಂಚಿನ ಸುತ್ತ ಮುಳ್ಳುಚಮಚದ ಗೀರು. ಆಲೂದ್ದಕ್ಕೆ ಸಾದಾ ಅಂಚು. ನೋಡಲೂ ಚೆಂದ, ತಿನ್ನಲೂ ಸುಖ.

ಇಪ್ಪತ್ನಾಲ್ಕನೇ ತಾರೀಖು ಬೆಳಿಗ್ಗೆಯೇ ಕೆಲಸ ಹಿಡಿದೆ. ಹಿಟ್ಟು ಕಲಸಿದೆ, ಲಟ್ಟಿಸಿದೆ, ಸ್ಕೇಲ್ ಇಟ್ಟು ನಾಲ್ಕು ಇಂಚಿನ ಚೌಕ ಕತ್ತರಿಸಿದೆ. ಎಂಥ ಕಟಿಂಗು! ಒಂದು ನೂಲು ಆಚೆ ಈಚೆ ಇಲ್ಲ. ಖೀಮಾ ತಿರುವಿ ಬರುವಷ್ಟರಲ್ಲಿ ನಾಲ್ಕು ಇಂಚು ಮೂರು ಇಂಚಾಗಿತ್ತು. ಹಿಟ್ಟು ಕುಗ್ಗಿತ್ತು. ಬಟ್ಟೆ ನೆನೆಸಿ ತನ್ನಿ, ಕುಗ್ಗುತ್ತದೆ ಎಂದು ಗಿರಾಕಿಗಳಿಗೆ ದಿನಾ ಬೈಯುವವಳು ನಾನು. ಮೈದಾ ಕುಗ್ಗುತ್ತದೆ ಎಂದು ನನಗೆ ಒಬ್ಬರಾದರೂ ಹೇಳಬೇಕೋ ಬೇಡವೋ? ಅತ್ತೆ ಹೇಳಿದ್ದರಂತೆ. ನಾನು ಕೇಳಿಸಿಕೊಳ್ಳಲಿಲ್ಲವಂತೆ.

ಆ ಮೂರು ಇಂಚಿನಲ್ಲೇ ನಾಲ್ಕು ಇಂಚಿನ ಖೀಮಾ ತುರುಕಿ ಒಂದನ್ನು ಎಣ್ಣೆಗೆ ಬಿಟ್ಟು ನೋಡಿದೆ. ಅದು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಬಾಯಿ ತೆರೆಯಿತು. ಖೀಮಾ ಒಂದು ಕಡೆ, ಹಾಳೆ ಒಂದು ಕಡೆ, ಎಣ್ಣೆ ಗೋಡೆಯ ಕಡೆ! ಬಾಗಿಲಲ್ಲಿ ನಿಂತಿದ್ದ ನಮ್ಮವರು ನಕ್ಕರು.

ನಗುವವರಿಗೆ ನಮ್ಮ ಮನೆಯಲ್ಲಿ ಕೆಲಸ ಸಿಗುತ್ತದೆ. ಕೈ ತೊಳೆಸಿ ಅಡುಗೆಮನೆಯಲ್ಲಿ ಕೂಡಿಸಿದೆ. ನಾನು ಹಾಳೆ ದೊಡ್ಡದಾಗಿ ಕತ್ತರಿಸಿ ತುಂಬಿ ಕೊಡುವುದು, ಅವರು ಅಂಚು ಒತ್ತುವುದು. ಒಂದೂ ಬಿಚ್ಚಬಾರದು, ಬಿಚ್ಚಿದರೆ ನಾಳೆ ನಿಮಗೆ ಅದೇ ಊಟ ಎಂದು ಹೇಳಿದೆ. ಮುಳ್ಳುಚಮಚ ಅಲ್ಲೇ ಬಿದ್ದಿತ್ತು. ನನ್ನ ಗುರುತಿನ ಯೋಜನೆಯೂ ಪೂರ್ತಿ ತಯಾರಾಗಿತ್ತು, ನನ್ನ ತಲೆಯಲ್ಲಿ. ಅದು ನಮ್ಮವರ ತಲೆಗೆ ಹೋಗಿರಲಿಲ್ಲ. ಯಾಕೆಂದರೆ ನಾನು ಹೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಪರಾತದಲ್ಲಿ ಖೀಮಾದ್ದು, ಸಣ್ಣದರಲ್ಲಿ ಆಲೂದ್ದು ತುಂಬಿದವು. ಕೊನೆಯ ಹಿಟ್ಟು ಲಟ್ಟಿಸಲು ಕಟ್ಟೆಯ ಮೇಲೆ ಜಾಗವಿರಲಿಲ್ಲ. ಸಣ್ಣ ಪರಾತವನ್ನು ಎತ್ತಿ ದೊಡ್ಡದಕ್ಕೆ ಸುರಿದೆ. ಗುರುತಿದೆಯಲ್ಲ, ಆಮೇಲೆ ಆರಿಸಿಕೊಂಡರಾಯಿತು!

ಆರಿಸಲು ಕೂತೆ. ಮೊದಲನೆಯದಕ್ಕೆ ಗೀರು. ಎರಡನೆಯದಕ್ಕೆ ಗೀರು. ಹತ್ತನೆಯದಕ್ಕೆ ಗೀರು. ನನ್ನ ಗಂಡ ಎನ್ನುವ ಮಹಾನುಭಾವರು ಎಲ್ಲಕ್ಕೂ, ಒಂದನ್ನೂ ಬಿಡದೆ, ಮುಳ್ಳುಚಮಚದಿಂದ ಫ್ರಾಕಿನ ಝಾಲರಿನ ಹಾಗೆ ಗೀರು ಹಾಕಿದ್ದರು.

ನಾನು ಏನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ, ನಾಳೆ ಚರ್ಚಿನವರೂ ಓದುತ್ತಾರೆ. ಅವರು ತಣ್ಣಗೆ ಕೂತು ಎಲ್ಲ ಕೇಳಿ ಒಂದೇ ಮಾತು ಹೇಳಿದರು.

"ಗಟ್ಟಿ ಒತ್ತು ಅಂದಿ, ಗಟ್ಟಿ ಒತ್ತೀನಿ. ಎರಡೂ ಕೂಡಿಸು ಅಂತ ನಿನಗ ಯಾರು ಅಂದ್ರು?"

ಉತ್ತರ ಇಲ್ಲದ ಪ್ರಶ್ನೆ ಕೇಳುವವರ ಮೇಲೆ ಸಿಟ್ಟು ಬರದೆ ಇನ್ನೇನು ಬರುತ್ತದೆ?

ಆಮೇಲೆ ಪರೀಕ್ಷೆ ಶುರುವಾಯಿತು. ಒಂದೊಂದೇ ಹಸಿ ಲುಖ್ಮಿಯನ್ನು ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿಯುವುದು, ಯಾದಗಿರಿಯ ಡಾಕ್ಟರು ಅತ್ತೆಯ ಎಕ್ಸ್‌ರೇ ಹಿಡಿದ ಹಾಗೆ. ಒಳಗೆ ಕಪ್ಪಗೆ ಕಂಡರೆ ಖೀಮಾ, ಬೆಳ್ಳಗೆ ಕಂಡರೆ ಆಲೂ. ನಾನು ಕಪ್ಪು ಎಂದದ್ದನ್ನು ನಮ್ಮವರು ಬಿಳಿ ಎಂದರು. ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡೆವು. ಒಂದು ತಾಸಿನ ಮೇಲೆ ಇಪ್ಪತ್ತು ಲುಖ್ಮಿ ಆಲೂದ್ದು ಎಂದು ತೀರ್ಮಾನವಾಯಿತು. ಪೂರ್ತಿ ಖಾತ್ರಿ ಅಲ್ಲ. ಆದರೆ ಆಲೂ ಹೌದು. ಬಹುಶಃ.

ಕರಿದುಬಿಡುವುದೇ ಸರಿ ಎಂದು ಮನಸ್ಸಿನಲ್ಲೇ ಠರಾವು ಮಾಡಿದೆ. ಅದರಲ್ಲಿ ಎರಡು ಬೆಳ್ಳಗಿನವನ್ನು ಶರಣಮ್ಮನವರ ತಟ್ಟೆಗೆ ಹಾಕಿದರಾಯಿತು. ಶರಣಮ್ಮನವರಿಗೆ ಏನು ಗೊತ್ತಾಗುತ್ತದೆ ಎಂದು ನಮ್ಮವರಿಗೆ ಪಿಸುಗುಟ್ಟಿದೆ. ನನ್ನ ಪಿಸುಮಾತು ಭೀಮರಾಯನಗುಡಿಯವರೆಗೂ ಕೇಳಿಸುತ್ತದೆ ಎನ್ನುತ್ತಾರೆ. ಮಂಚದವರೆಗೆ ಕೇಳಿಸಿದ್ದಂತೂ ಖರೆ.

"ಆಕಿಗಿ ಗೊತ್ತಾಗಂಗಿಲ್ಲ, ಸುಮಿ," ಎಂದರು ಅತ್ತೆ. "ಅದಕ್ಕ ನಮಗ ಗೊತ್ತಿರಬೇಕು."

ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಬೈಯಲಿಲ್ಲ. ಲವಂಗದ ಕಥೆ ಹೇಳಿದರು, ಇಷ್ಟು ವರ್ಷ ನನಗೆ ಯಾರೂ ಹೇಳದ ಕಥೆ. ನಾನೂ ಕೇಳಿರಲಿಲ್ಲ ಎನ್ನಿ. ಶರಣಮ್ಮನವರು ಮೊದಲ ಸಲ ಬಂದಾಗ ಹೊಸ ಮದುಮಗಳು. ಆ ಮನೆಯಲ್ಲಿ ಏನೂ ತಿನ್ನಬೇಡ ಎಂದು ಅವರ ಮನೆಯಲ್ಲಿ ಹೇಳಿ ಕಳಿಸಿದ್ದರು. ತಟ್ಟೆ ಮುಂದೆ ಬಂದಾಗ, ಇದರಲ್ಲಿ ಏನಿದೆ ಎಂದು ಅಷ್ಟು ಜನರ ಎದುರು ಕೇಳಲು ಅವರಿಗೆ ನಾಚಿಕೆ. ಕೇಳದೆ ತಿನ್ನಲು ಹೆದರಿಕೆ. ಸೆರಗು ತಿರುವುತ್ತ ಕೂತಿದ್ದು ಹಾಗೇ ಎದ್ದು ಹೋದರು. ಮರುವರ್ಷ ಅತ್ತೆ ಲವಂಗ ಚುಚ್ಚಿದರು. ಗೆಳತಿ ಕೇಳಬೇಕಾಗಿಲ್ಲ, ನೋಡಿದರೆ ಸಾಕು. ಇವತ್ತಿಗೂ ಮನೆಗೆ ಹೋದಾಗ ಅಲ್ಲೇನು ತಿಂದೆ ಎಂದು ಅವರನ್ನು ಕೇಳುವವರಿದ್ದಾರೆ. ಲವಂಗ ನೋಡಿ ತಿಂದೀನಿ ಎಂದು ಹೇಳಿ ಅವರು ಬಾಯಿ ಮುಚ್ಚಿಸುತ್ತಾರೆ.

ಅಂದರೆ ಆ ಗುರುತು ಕರಿಯುವವರಿಗಲ್ಲ, ತಿನ್ನುವವರಿಗೆ. ನಾನು ಅದನ್ನೇ ಕಿತ್ತು ಬಿಸಾಕಿ ಮುಳ್ಳುಚಮಚ ಹಿಡಿದಿದ್ದೆ!

ಆಗ ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಅತ್ತೆಯ ಮೇಲೆ, ಅವರು ಹೇಳಿದ್ದು ಸರಿಯಾಗಿತ್ತು ಎಂದು. ನಮ್ಮವರ ಮೇಲೆ, ಅವರು ತಲೆ ಆಡಿಸುತ್ತಿದ್ದರು ಎಂದು. ಪರಾತದ ಮೇಲೆ, ಅದು ಅಷ್ಟು ದೊಡ್ಡದಿತ್ತು ಎಂದು. ಅಷ್ಟನ್ನೂ ಖೀಮಾ ಎಂದೇ ತಿಳಿದು ಕರಿದು ಮುಚ್ಚಿಟ್ಟೆ. ಮನೆಯಲ್ಲಿ ಉಳಿದಿದ್ದು ಎರಡು ಆಲೂಗಡ್ಡೆ, ಒಂದು ಹಿಡಿ ಮೈದಾ. ಬೆಳಿಗ್ಗೆ ಎದ್ದು ಶರಣಮ್ಮನವರಿಗೆಂದೇ ಆರು ಲುಖ್ಮಿ ಹೊಸದಾಗಿ ಮಾಡುತ್ತೇನೆ ಎಂದು ಅತ್ತೆಗೆ ಮಾತು ಕೊಟ್ಟೆ.

ಕ್ರಿಸ್‌ಮಸ್ ಬೆಳಿಗ್ಗೆ ಸ್ನಾನ ಮಾಡಿ, ಹೊಸ ಸೀರೆಯ ಮೇಲೆ ಹಳೆ ಸೀರೆ ಸುತ್ತಿಕೊಂಡು, ಹೊಸ ಬಾಣಲೆ, ಹೊಸ ಎಣ್ಣೆ ಇಟ್ಟೆ. ಆಲೂ ಬೇಯಿಸಿ, ಹಸಿಮೆಣಸಿನಕಾಯಿ ಹಾಕಿ ಪಲ್ಯ ಮಾಡಿ ಬಟ್ಟಲಲ್ಲಿ ಮುಚ್ಚಿಟ್ಟೆ. ಹಾಳೆ ಲಟ್ಟಿಸಿ ಕತ್ತರಿಸಿದೆ. ಎಲ್ಲ ಸರಿಯಾಗಿ ನಡೆದಿತ್ತು. ಆಗ ಶೀಲಾಳ ಫೋನು. ಸುರಪುರದಲ್ಲಿ ಬಸ್ ಹತ್ತಿದ್ದಳು.

"ವೈನಿ, ಬೇಕರಿಯವ್ರು ತಂದುಕೊಟ್ರ್ಯಾ, ಇಲ್ಲಾಂದ್ರ ನಾನೇ ಬರೋವಾಗ ತರಲ್ಯಾ?"

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು ಆಕೆಗೆ ಕೊಡಬೇಕಾದ ಉತ್ತರವನ್ನೆಲ್ಲ ಕೊಟ್ಟೆ. ಬಾಯಿ ತನ್ನ ಕೆಲಸ ಮಾಡುತ್ತಿತ್ತು, ಕೈ ತನ್ನ ಕೆಲಸ. ಹಾಳೆಯ ಮೇಲೆ ಹಾಳೆ ಇಟ್ಟೆ, ಅಂಚು ಒತ್ತಿದೆ, ಒಂದೊಂದಕ್ಕೂ ಶೀಲಾಳನ್ನು ನೆನೆದು ಲವಂಗ ಚುಚ್ಚಿದೆ. ಎಣ್ಣೆಗೆ ಬಿಟ್ಟೆ. ಏನು ಹೇಳಲಿ! ಆರಕ್ಕೆ ಆರೂ ಲೋಡು ದಿಂಬಿನ ಹಾಗೆ ಉಬ್ಬಿ ಮೇಲೆ ಬಂದವು. ಅತ್ತೆಯ ಕೈಯಲ್ಲಿ ಯಾವ ವರ್ಷವೂ ಹೀಗೆ ಉಬ್ಬಿದ್ದಿಲ್ಲ. ಒಂದೂ ಬಿಚ್ಚಲಿಲ್ಲ. ಹಿತ್ತಾಳೆ ಡಬ್ಬಿಯಲ್ಲಿ ಇಟ್ಟು ಮುಚ್ಚಿ ಚರ್ಚಿಗೆ ಓಡಿದೆ. ಸಭಾಪಾಲಕರು ಸಮಾಧಾನದ ಬಗ್ಗೆ ಪ್ರಸಂಗ ಮಾಡಿದರು. ನಮ್ಮವರು ಮೂರು ಸಲ ನನ್ನ ಕಡೆ ತಿರುಗಿ ನೋಡಿದರು.

ಜನ ಬಂದರು. ಖೀಮಾ ಎಂದು ಕೊಟ್ಟಿದ್ದರಲ್ಲಿ ಒಬ್ಬರಿಗೆ ಖೀಮಾ ಬಂತು, ಪಕ್ಕದವರಿಗೆ ಆಲೂ. ಹಿರಿಯರೊಬ್ಬರು ಸತತ ನಾಲ್ಕು ಆಲೂ ಬಂದ ಮೇಲೆ ಐದನೆಯದಕ್ಕೆ ಪ್ರಾರ್ಥನೆ ಮಾಡಿ ಕೈ ಹಾಕಿದರು. ಶೀಲಾ ಏನೋ ಹೇಳಲು ಬಾಯಿ ತೆರೆದಳು, ನನ್ನ ಮುಖ ನೋಡಿ ಅದೇ ಬಾಯಿಗೆ ಲುಖ್ಮಿ ಇಟ್ಟುಕೊಂಡಳು.

ಶರಣಮ್ಮನವರು ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಹಿತ್ತಾಳೆ ಡಬ್ಬಿ ತೆರೆದು ನಾನೇ ಎದುರು ಹಿಡಿದೆ. ಅವರು ಒಂದನ್ನು ತೆಗೆದುಕೊಂಡು, ಲವಂಗ ನೋಡಿ, ಅದನ್ನು ಬಿಡಿಸಿ ತಟ್ಟೆಯ ಅಂಚಿಗೆ ಇಟ್ಟರು. ಅಂಗೈಯಲ್ಲಿ ಲುಖ್ಮಿಯನ್ನು ತೂಗಿ, ನಿನ್ನ ಸೊಸೆಯ ಕೈ ಭಾಳ ಹಗುರ ಎಂದು ಅತ್ತೆಗೆ ಹೇಳಿದರು. ನಾನು ಶೀಲಾಳ ಕಡೆ ನೋಡಿದೆ.

ಶರಣಮ್ಮನವರು ಕಚ್ಚಿದರು. ಟಪ್ ಎಂದಿತು. ಒಳಗೆ ನೋಡಿದರು. ತಿರುಗಿಸಿ ನೋಡಿದರು. ಎರಡನೆಯದನ್ನು ಮುರಿದು ನೋಡಿದರು. ನಾನು ಅಡುಗೆಮನೆಗೆ ಓಡಿದೆ. ಆಲೂ ಪಲ್ಯ ಒಲೆಯ ಪಕ್ಕದಲ್ಲಿ, ನಾನು ಮುಚ್ಚಿಟ್ಟ ತಟ್ಟೆಯ ಕೆಳಗೆ, ಬಟ್ಟಲ ತುಂಬ ಹಾಗೇ ಕೂತಿತ್ತು.

ಹೊರಗೆ ಬಂದಾಗ ಎಲ್ಲರೂ ಅವರ ತಟ್ಟೆಯನ್ನೇ ನೋಡುತ್ತಿದ್ದರು.

"ಖೀಮಾ ಇಲ್ಲ, ಖರೆ ಅದ," ಎಂದರು ಶರಣಮ್ಮನವರು. "ಆಲೂನೂ ಇಲ್ಲ, ಉಳ್ಳಾಗಡ್ಡಿನೂ ಇಲ್ಲ. ಎಸ್ತೇರವ್ವ, ನಲವತ್ತು ವರ್ಷದಾಗ ಇಷ್ಟು ಮಡಿ ಲುಖ್ಮಿ ನಿಮ್ಮನ್ಯಾಗ ನಾ ತಿಂದಿದ್ದಿಲ್ಲ ನೋಡು."

ಅತ್ತೆ ನಕ್ಕ ರಭಸಕ್ಕೆ ಪ್ಲಾಸ್ಟರ್ ಕೈ ಕುರ್ಚಿಗೆ ತಾಗಿತು. ಆಮೇಲೆ ಶರಣಮ್ಮನವರು ಪಲ್ಯದ ಬಟ್ಟಲನ್ನು ತರಿಸಿಕೊಂಡು, ಉಬ್ಬಿದ ಲುಖ್ಮಿಯನ್ನು ಪೂರಿಯ ಹಾಗೆ ಮುರಿದು ಅದ್ದಿ ಮೂರು ತಿಂದರು. ಎರಡು ತಿನ್ನುವವರು ಮೂರು! ಹೋಗುವಾಗ ಆ ಲವಂಗವನ್ನು ಬಾಯಿಗೆ ಹಾಕಿಕೊಂಡು, ಮನೆಯಲ್ಲಿ ಕೇಳಿದರೆ ಹೇಳಲು ಬಾಯಲ್ಲೇ ಸಾಕ್ಷಿ ಇದೆ ಎಂದರು. ಪಲ್ಯಕ್ಕೆ ಉಪ್ಪು ಕಮ್ಮಿ ಎಂದೂ ಹೇಳಿ ಹೋದರು.

ಈ ವರ್ಷದ ಹಂಚಿಕೆ ಈಗಲೇ ಆಗಿದೆ. ಅತ್ತೆಯ ಕೈ ವಾಸಿಯಾಗಿದೆ, ಲುಖ್ಮಿ ಅವರದ್ದೇ. ನಾನು ಎದುರಿಗೆ ಕೂತು ಲವಂಗ ಎಣಿಸಿ ಕೊಡಬೇಕಂತೆ. ಫೋನು ಇಲ್ಲದೆ.

ಇಷ್ಟನ್ನೂ ಬರೆದು, ಎಲ್ಲರೂ ಓದಲೆಂದು ಹಾಕುವ ಮೊದಲು ನಮ್ಮವರಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿದರು.

"ಮೊದಲನೇ ಸಾಲು ಒಂದು ತಗದುಬಿಡು," ಎಂದರು. "ಉಳಿದಿದ್ದೆಲ್ಲ ಖರೆ ಅದ."

ಯಾಕೆ ತೆಗೆಯಬೇಕು ಎಂದು ನಾನು ಬಹಳ ಸಮಾಧಾನದಿಂದ ಕೇಳಿದೆ. ಅಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿ ಓಣಿಯ ತಿರುವು ದಾಟಿದ್ದರು.